ನಾಲ್ಕನೇ ನಂಬರಿನ ಸೀಟಿ

ಶನಿವಾರ ರಾತ್ರಿ ಒಂಬತ್ತಕ್ಕೆ ನನ್ನ ಪದವಿ ಶುರು.
ತಾಟು ಸರಿಸಿ, ಚಾಳೀಸು ಒರೆಸಿ, ಫೋನು ಹಿಡಿದು ಕೂರುತ್ತೇನೆ:
ನಾಳೆ ಲೇಲೇ ಮೈದಾನದಲ್ಲಿ ಎರಡು ಮ್ಯಾಚು,
ನಾಲ್ಕು ಮಂದಿ ಬೇಕು.
ಭರಮಣ್ಣನಿಗೆ ಉದ್ಯಮಬಾಗದ ಫೌಂಡ್ರಿಯಲ್ಲಿ ರಾತ್ರಿಪಾಳಿ.
ಫಿಲೋಮಿನಾ ಬಾಯಿಗೆ ಕ್ಯಾಂಪಿನ ಚರ್ಚಿನಲ್ಲಿ ಮೊದಲ ಪೂಜೆ,
‘ಹತ್ತಕ್ಕಾದ್ರ ಬರ್ತೀನಿ, ಎಂಟಕ್ಕಂದ್ರ ದೇವರಿಗೆ ನೀವ ಹೇಳ್ರಿ.’
ಮುಜಾವರ ಹುಡುಗ ಫೋನು ಎತ್ತುವುದೇ ಇಲ್ಲ;
ಹೋದ ವಾರ ಹಸಿರು ಕಾರ್ಡು ತೋರಿಸಿದ್ದು
ಸ್ವಂತ ಸೋದರಮಾವನಿಗಂತೆ.

ಕೊನೆಗೆ ಅಲಾಸೆ ಸರ್.
‘ಹೇಳಪಾ’ ಅನ್ನುತ್ತಿದ್ದರು, ಅಷ್ಟೇ.
ಭಾನುವಾರ ಅವರಿಗೆ ಬೇರೆ ಕೆಲಸವೇ ಇರುತ್ತಿರಲಿಲ್ಲ.

ಬೆಳಗಾವಿ ಹವ್ಯಾಸಿ ಹಾಕಿ ಅಂಪೈರ್‌ಗಳ ಸಂಘ.
ಸದಸ್ಯರು ಹದಿನೇಳು, ಚಂದಾ ಕೊಟ್ಟವರು ಹನ್ನೊಂದು.
ಆಸ್ತಿ ಎಂದರೆ ತಗಡಿನ ಟ್ರಂಕು,
ಸ್ಟಿಕ್ಕಿನ ದಪ್ಪ ಅಳೆಯುವ ಕಬ್ಬಿಣದ ಬಳೆ,
ನಿಲ್ಲಿಸುವ ಮೊದಲೇ ನಿಲ್ಲುವ ಸ್ಟಾಪ್‌ವಾಚು,
ಮತ್ತೊಂದು ರಬ್ಬರ್ ಸ್ಟಾಂಪು.
ಅದರಲ್ಲಿ ಒತ್ತಕ್ಷರ ಸವೆದು
‘ಹವ್ಯಾಸಿ’ ಹೋಗಿ ‘ಹವಾಸಿ’ ಆಗಿದೆ.
ಇರಲಿ ಬಿಡು, ಊದುವವರು ತಾನೇ ನಾವು,
ಗಾಳಿಯೇ ನಮ್ಮ ಬಂಡವಾಳ.
ಮ್ಯಾಚಿಗೆ ನೂರಿಪ್ಪತ್ತು ರೂಪಾಯಿ, ಒಂದು ವಡಾಪಾವು.
ಬೈಗುಳ ಪುಕ್ಕಟೆ, ಮೂರು ಭಾಷೆಯಲ್ಲಿ.
ಬೈಗುಳಕ್ಕೆ ಮಾತ್ರ ಈ ಊರಲ್ಲಿ ಗಡಿತಂಟೆ ಇಲ್ಲ.

ಡಿಸೆಂಬರಿನ ಫೈನಲ್ಲು. ಎರಡೇ ನಿಮಿಷ ಬಾಕಿ.
ಡಿ ಒಳಗೆ ಚೆಂಡು ಶಹಾಪುರದ ಹುಡುಗನ ಪಾದಕ್ಕೆ ಬಡಿಯಿತು.
ಕಟ್ಟೆಯ ಮೇಲಿನ ಶೇಂಗಾ ಮಾರುವವನಿಗೂ ಕಂಡಿತು.
ಅಲಾಸೆ ಸರ್ ಸೀಟಿ ಬಾಯಿಗಿಟ್ಟರು.
ಕೆನ್ನೆ ಉಬ್ಬಿತು, ಕೈ ಅರ್ಧ ಎದ್ದಿತು.
ಅಷ್ಟರಲ್ಲಿ ಚೆಂಡು ಕೆಂಪು ಧೂಳಿನಲ್ಲಿ ಆ ತುದಿ ಸೇರಿ
ಹಲಗೆಗೆ ಬಡಿದು ‘ಠಣ್’ ಅಂದಿತು.

ಆಮೇಲಿನದು ಊರಿಗೇ ಗೊತ್ತು.
‘ಮುದುಕನ ಕಣ್ಣಿಗೆ ಪೊರೆ ಬಂದೈತಿ.’
ವರದಿಯಲ್ಲಿ ಅವರೇ ಬರೆದರು, ಮೂರೇ ಪದ:
ನನಗೆ ಪಾದ ಕಾಣಲಿಲ್ಲ.
ಕಾರ್ಯದರ್ಶಿ ನಾನು, ಕಾಗದ ಸಿದ್ಧಮಾಡಿದೆ:
ತಮ್ಮ ದೀರ್ಘ ಸೇವೆಯನ್ನು ಸ್ಮರಿಸುತ್ತ, ವಿಶ್ರಾಂತಿ, ಇತ್ಯಾದಿ.
‘ಹವಾಸಿ’ ಎಂದು ಮೊಹರು ಒತ್ತಿದೆ.
ಮರುದಿನ ಸೈಕಲ್ಲಿನಲ್ಲಿ ಬಂದು
ದಾರ ನೀಟಾಗಿ ಸುತ್ತಿದ ಸೀಟಿಯನ್ನು
ಅದೇ ಲಕೋಟೆಯಲ್ಲಿಟ್ಟು ಕೊಟ್ಟು ಹೋದರು.
ಚಹಾ ಕುಡಿದರೋ ಇಲ್ಲವೋ, ನೆನಪಿಲ್ಲ.

ಇವತ್ತು, ವಾರ್ಷಿಕ ಸಭೆಯ ಮುಂಚೆ,
ಬಿಸಿನೀರಿಗೆ ಸೋಪು ಹಾಕಿ ಸೀಟಿಗಳನ್ನು ನೆನೆಯಿಟ್ಟೆ.
ಒಂದೊಂದೇ ಊದಿ ನೋಡಿದೆ. ಹೆಂಡತಿ ಬೈದಳು.
ನಾಲ್ಕನೆಯದು ಊದಿದೆ:
ಫುಸ್.
ಅಲ್ಲಾಡಿಸಿದೆ, ಗುಂಡಿನ ಸದ್ದಿಲ್ಲ.
ಕೆಂಪು ಮಣ್ಣು ಉಗುಳಿನಲ್ಲಿ ಕಲಸಿ ಗಟ್ಟಿಯಾಗಿ
ಹೊಟ್ಟೆಯೊಳಗೆ ಗುಂಡು ಅಂಟಿಕೊಂಡಿದೆ,
ನೆನೆಸಿದರೂ ಬಿಡದ ಹಾಗೆ.

ಖಡೇಬಜಾರಿನಲ್ಲಿ ಚೌಕಾಶಿ ಮಾಡಿ ತಂದವನು ನಾನು.
ಒಂದಕ್ಕೆ ಹದಿನೆಂಟು ರೂಪಾಯಿ.
ಲೆಕ್ಕಪತ್ರದಲ್ಲಿ ‘ಉಳಿತಾಯ’ ಅಂತ ಬರೆದಾಗ
ಚಪ್ಪಾಳೆ ಬಿದ್ದಿತ್ತು; ಅಲಾಸೆ ಸರ್ ಕೂಡ ತಟ್ಟಿದ್ದರು.

ಅವರಿಗೆ ಗೊತ್ತಿತ್ತು. ಊದಿದವನಿಗೆ ಗೊತ್ತಿರದೆ ಇರುತ್ತದೆಯೆ?
ಸೀಟಿ ಊದಲಿಲ್ಲ ಎಂದಿದ್ದರೆ
ಯಾರು ತಂದದ್ದು ಎಂಬ ಮಾತು ಬರುತ್ತಿತ್ತು.
ಅದಕ್ಕೋ,
ಸಲಕರಣೆಯ ಮೇಲೆ ತಪ್ಪು ಹೊರಿಸುವುದು
ಅಂಪೈರಿಗೆ ಸಲ್ಲದು ಎಂದೋ,
ಕೇಳುವ ಧೈರ್ಯ ನನಗಿಲ್ಲ.

ಸೂಜಿ ಹಾಕಿ ಕೆದರುತ್ತ ಕೂತಿದ್ದೇನೆ.
ಪಕ್ಕದಲ್ಲಿ ಸಭೆಯ ಸೂಚನೆ, ಕೊನೆಯ ಬಾಬು:
‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು.’
ಅದರ ಕೆಳಗೆ ಖಾಲಿ.

ಒಂಬತ್ತು ಹೊಡೆಯಿತು. ನಂಬರು ಬಾಯಿಪಾಠ.
‘ಹೇಳಪಾ.’

ಉಸಿರು ತುಂಬಿಕೊಂಡೆ.
ಏನೂ ಹೊರಡಲಿಲ್ಲ.
ಅತ್ತ ಕಡೆ ಟಿವಿಯ ಸದ್ದು ಸಣ್ಣದಾಯಿತು.
‘ಎಷ್ಟಕ್ಕ ಐತಿ ಮ್ಯಾಚು?’ ಅಂದರು.